ಸಿಂಹಗಡ ಹತ್ತೋಕೆ ಫ್ರೇಮ್: 6061 ಅಲ್ಯೂಮಿನಿಯಮ್ಮೋ, 4130 ಸ್ಟೀಲೋ?

ಕೊಥ್ರೂಡ್_ಹುಬ್ಬಳ್ಳಿ: ಪುಣೆ ಹತ್ತಿರದ ಸಿಂಹಗಡ ಕೋಟೆ ಹತ್ತೋಕೆ ಸೈಕಲ್ ಫ್ರೇಮ್ ಮಾಡಿಸಬೇಕು. ನನ್ನ ತೂಕ 92 ಕಿಲೋ. ತೂಕಕ್ಕೆ ಹೋಲಿಸಿ ಬಲ ನೋಡು ಅಂತಾರೆ ಎಲ್ಲರೂ. ಮಾಡಿಸಿದವರು ಅನುಭವ ಹೇಳಿ.

ಭೋಸರಿ_ಫಿಟ್ಟರ್: ನಾನು 6061 ಮಾಡಿಸಿದೆ. ಪಟ್ಟಿಯಲ್ಲಿ ಬಲ, ಅಂದರೆ ಲೋಹ ವಾಪಸ್ ಬರದ ಹಾಗೆ ಬಾಗಲು ಶುರುವಾಗುವ ಒತ್ತಡ, 276 ಮೆಗಾಪ್ಯಾಸ್ಕಲ್ ಅಂತ ಇರುತ್ತದೆ, ಸಾಂದ್ರತೆ 2.7ರಿಂದ ಭಾಗಿಸಿದರೆ 102. 4130ಗೆ 435 ಭಾಗಿಸು 7.85, ಬರುವುದು 55. ನೋಡಿ ಖುಷಿಯಾಯ್ತು. ಆದರೆ ಆ 276 ಟಿ6 ಸ್ಥಿತಿಯದ್ದು, ಅಂದರೆ ಕಾಯಿಸಿ ಗಟ್ಟಿ ಮಾಡಿದ ಲೋಹದ್ದು. ಟಿಗ್ ವೆಲ್ಡಿಂಗ್ ಆದ ಕೂಡಲೇ ಜಾಯಿಂಟ್ ಪಕ್ಕದಲ್ಲಿ ಬಲ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ, ಅಂದರೆ ತೂಕದ ಲೆಕ್ಕದಲ್ಲಿ 4130ಯೂ ಇದೂ ಹೆಚ್ಚುಕಮ್ಮಿ ಒಂದೇ! ವಾಪಸ್ ತರಬೇಕಾದರೆ 530 ಡಿಗ್ರಿಗೆ ಕಾಯಿಸಿ, ನೀರಿಗೆ ಅದ್ದಿ, ಮತ್ತೆ 175ರಲ್ಲಿ ಗಂಟೆಗಟ್ಟಲೆ ಇಡಬೇಕು. ಟ್ಯೂಬ್ 3,800, ಟಿಗ್ 4,500. ಫರ್ನೆಸ್‌ನವನು ಒಂದೇ ಫ್ರೇಮ್ ಹಾಕಲ್ಲ ಅಂದ, ಪೂರ್ತಿ ಬ್ಯಾಚ್‌ಗೆ 6,000 ಕಿತ್ತ. ನೀರಿಗೆ ಅದ್ದಿದಾಗ ಹಿಂದಿನ ತ್ರಿಕೋನ (ಹಿಂಚಕ್ರ ಹಿಡಿಯುವ ಭಾಗ) ಸೊಟ್ಟ ಆಯ್ತು, ನೇರ ಮಾಡಿದವನಿಗೆ ಇನ್ನೂ 1,200, ಆಟೋ ಬಾಡಿಗೆ ಬೇರೆ. ಆದರೂ ಹಗುರ ಫ್ರೇಮ್ ಬಂತು. ಸ್ಟೀಲಲ್ಲಿ ಇಷ್ಟು ಹಗುರ ಮಾಡಿ ತೋರಿಸಿ.

ಠಾಣೆ_ಸ್ಟೀಲ್: ಅಷ್ಟು ದುಡ್ಡಲ್ಲಿ ನನ್ನ 4130 ಫ್ರೇಮ್, ಪೇಂಟ್ ಸಮೇತ. ಬಗ್ಗದೇ ಇರುವ ಗುಣಕ್ಕೆ ತೂಕದ ಲೆಕ್ಕ ಹಾಕಿದರೆ ಎರಡೂ ಸಮ, ಸ್ಟೀಲ್‌ಗೆ 200 ಗಿಗಾಪ್ಯಾಸ್ಕಲ್ ಭಾಗಿಸು 7.85, ಅಲ್ಯೂಮಿನಿಯಮ್‌ಗೆ 69 ಭಾಗಿಸು 2.7. ಎರಡೂ 25ರ ಮೇಲೆ. ಮತ್ತೆ ಅಲ್ಯೂಮಿನಿಯಮ್‌ಗೆ ದಣಿವಿನ ಮಿತಿಯೇ ಇಲ್ಲ, ಅಂದರೆ ಇದಕ್ಕಿಂತ ಸಣ್ಣ ಹೊರೆ ಎಷ್ಟು ಸಲ ಬಿದ್ದರೂ ಬಿರುಕು ಬಿಡಲ್ಲ ಅನ್ನುವ ಗೆರೆ ಇಲ್ಲ. ಕುಲುಕಾಟ ಸಣ್ಣದಾದರೂ ಸವೆತದ ಲೆಕ್ಕ ಏರುತ್ತಲೇ ಇರುತ್ತದೆ.

ಭೋಸರಿ_ಫಿಟ್ಟರ್: ಅರ್ಧ ಲೆಕ್ಕ ಹೇಳಿ ಜನರನ್ನು ದಾರಿ ತಪ್ಪಿಸಬೇಡಿ. ಗೋಡೆ ದಪ್ಪ ಅಷ್ಟೇ ಇಟ್ಟು ಟ್ಯೂಬ್ ಅಗಲ ಮಾಡಿದರೆ, ಬಾಗುವಿಕೆಗೆ ತಡೆ ಅಗಲದ ಘನದಷ್ಟು ಏರುತ್ತದೆ. ಅಲ್ಯೂಮಿನಿಯಮ್ ಹಗುರ, ಅದಕ್ಕೇ ಅಗಲ ಮಾಡಬಹುದು. ಸ್ಟೀಲನ್ನು ಅದೇ ತೂಕಕ್ಕೆ ಅಷ್ಟು ಅಗಲ ಮಾಡಿ ನೋಡಿ, ಗೋಡೆ ಎಷ್ಟು ತೆಳ್ಳಗಾಗುತ್ತದೆ ಅಂದರೆ ಒಂದು ಕಲ್ಲು ತಗುಲಿದರೆ ತಗ್ಗು.

ಠಾಣೆ_ಸ್ಟೀಲ್: ಕಲ್ಲು ತಗುಲೋ ಹಾಗೆ ಓಡಿಸೋರು ಯಾರು ಅಂತ ಗೊತ್ತಾಯ್ತು ಬಿಡಿ.

ವಾಸ್ಕೋ_ಗಾಳ: ಇಬ್ಬರೂ ಉಪ್ಪುಗಾಳಿ ಮರೆತಿದ್ದೀರಿ. ನನ್ನ ಅಲ್ಯೂಮಿನಿಯಮ್ ಫ್ರೇಮಲ್ಲಿ ಕಾರ್ಬನ್ ಸೀಟ್‌ಪೋಸ್ಟ್ (ಸೀಟು ಹೊರುವ ಕಂಬ) ಇತ್ತು. ನಡುವೆ ಉಪ್ಪುನೀರು ಹೊಕ್ಕರೆ ಅದು ಬ್ಯಾಟರಿಯೇ. ಅಲ್ಯೂಮಿನಿಯಮ್ ಬಿಳಿ ಪುಡಿಯಾಗಿ ಉಬ್ಬಿತು, ಪೋಸ್ಟ್ ಕಚ್ಚಿಕೊಂಡಿತು. ಕೊನೆಗೆ ಕತ್ತರಿಸಿ ತೆಗೆಸಿದೆ. ಕೂಲಿ 1,500, ಹೊಸ ಪೋಸ್ಟ್ 2,200.

ಠಾಣೆ_ಸ್ಟೀಲ್: ಪೋಸ್ಟ್‌ಗೆ ಹಚ್ಚೋ ಗ್ರೀಸ್ ಡಬ್ಬಿ ಎಷ್ಟು ರೂಪಾಯಿ?

ವಾಸ್ಕೋ_ಗಾಳ: ನಿಮ್ಮ ಸ್ಟೀಲ್ ಒಂದು ಮಳೆಗಾಲ ಇಲ್ಲಿ, ಗೋವಾ ಕಡಲ ಪಕ್ಕ, ಇಡಿ, ಆಮೇಲೆ ಮಾತಾಡೋಣ.

ಕೊಥ್ರೂಡ್_ಹುಬ್ಬಳ್ಳಿ: ನಾನು ಪುಣೆಯಲ್ಲಿರೋದು... ಫಿಟ್ಟರ್ ಅವರೇ, ಆ ಫರ್ನೆಸ್‌ನವರ ನಂಬರ್ ಸಿಗಬಹುದಾ?

ಭೋಸರಿ_ಫಿಟ್ಟರ್: ಕೊಡಲ್ಲ. ಬ್ಯಾಚ್ ರೇಟ್ ಇನ್ನೂ ಏರಿಸುತ್ತಾನೆ.