ನೆತ್ತಿ ಮೇಲಿನ ಜಿಂಕೆ

ಪಶ್ಚಿಮ ಆಫ್ರಿಕಾದ ಮಾಲಿ ದೇಶದಿಂದ ಗಿರೀಶ ಹೊತ್ತು ತಂದ ಮರದ ಜಿಂಕೆಯ ಕೆತ್ತನೆಯನ್ನು ಸೀನ ಮುಖಕ್ಕೆ ಹಿಡಿದು, ಕಣ್ಣಿನ ತೂತು ಹುಡುಕುತ್ತಿದ್ದ.

"ಏನೂ ಕಾಣಲ್ಲವಲ್ಲೋ!"

"ಅದು ಮುಖಕ್ಕಲ್ಲ ಮಾರಾಯ, ನೆತ್ತಿಗೆ. ಹೆಣೆದ ಟೋಪಿಗೆ ಕಟ್ಟಿ ತಲೆ ಮೇಲೆ ಇಟ್ಟುಕೊಳ್ತಾರೆ. ಅಲ್ಲಿನ ಬಂಬಾರಾ ಜನರ ಚಿ ವಾರಾ ಇದು. ಚಿ ಅಂದ್ರೆ ಬೇಸಾಯ, ವಾರಾ ಅಂದ್ರೆ ಕಾಡುಪ್ರಾಣಿ."

"ಜಿಂಕೆ ಬೇಸಾಯ ಮಾಡುತ್ತಾ? ನಮ್ಮ ಹೊಲದಲ್ಲಿ ಬರೀ ಮೇಯುತ್ತೆ."

"ಇದು ಅರ್ಧ ಮನುಷ್ಯ, ಅರ್ಧ ಪ್ರಾಣಿ. ಉಗುರಿನಿಂದ ನೆಲ ಕೆದಕಿ ಜನಕ್ಕೆ ಉಳುಮೆ ಕಲಿಸಿತಂತೆ. ಬೆಳೆ ಜಾಸ್ತಿಯಾಯಿತು, ಜನ ಕಾಳು ಚೆಲ್ಲಾಡಿದರು. ಬೇಜಾರಾಗಿ ಮಣ್ಣೊಳಗೆ ಹೂತುಕೊಂಡಿತು. ಅದರ ನೆನಪಿಗೇ ಈ ಕೆತ್ತನೆ."

ಸೀನ ತಟ್ಟೆಯ ಅಂಚಿಗೆ ತಳ್ಳಿದ್ದ ಉಪ್ಪಿಟ್ಟನ್ನು ಮೆಲ್ಲಗೆ ನಡುವಿಗೆ ಎಳೆದುಕೊಂಡ.

"ಒಂದೇ ತಂದಿದ್ದೀಯಲ್ಲ, ಜೋಡಿ ಎಲ್ಲಿ?" ಅಂದೆ ನಾನು. ಇದು ಯಾವಾಗಲೂ ಗಂಡು ಹೆಣ್ಣು ಜೊತೆಯಾಗಿ ಕುಣಿಯುವ ವೇಷ. ಗಂಡು ಸೂರ್ಯ, ಹೆಣ್ಣು ಭೂಮಿ. ಹೆಣ್ಣಿನ ಬೆನ್ನ ಮೇಲೆ ಮರಿ ಇರುತ್ತದೆ. ಕುಣಿಯುವವರು ಎರಡು ಕೋಲೂರಿ, ಗುದ್ದಲಿ ಹಿಡಿದವರ ಹಾಗೆ ಬಗ್ಗಿಯೇ ಇರುತ್ತಾರೆ.

"ಬಡಗಿ ಒಂದನ್ನೇ ಮಾಡಿದ್ದನೇನೋ," ಅಂದ ಸೀನ.

"ಬಡಗಿಯಲ್ಲ, ಕಮ್ಮಾರ!" ಅಂದ ಗಿರೀಶ. "ನೂಮು ಅಂತಾರೆ. ಹೊಲದ ಗುದ್ದಲಿಯೂ ಅವನದೇ, ಕುಣಿತದ ಜಿಂಕೆಯೂ ಅವನದೇ. ಎಲ್ಲದರೊಳಗೂ ನ್ಯಾಮಾ ಅನ್ನೋ ಶಕ್ತಿ ಇರುತ್ತೆ, ಅದನ್ನು ಪಳಗಿಸೋದು ಅವನಿಗೇ ಗೊತ್ತು ಅಂತ ನಂಬಿಕೆ. ತಾನೇ ಬಡಿದ ಬಾಚಿಯಿಂದ ಮರ ಕೆತ್ತುತ್ತಾನೆ. ಹೆಂಡತಿ ಮಡಕೆ ಸುಡ್ತಾಳೆ."

"ಗಂಡನಿಗೆ ಕುಲುಮೆ, ಹೆಂಡತಿಗೆ ಆವಿಗೆ. ಆ ಮನೇಲಿ ಬೆಂಕಿಪೊಟ್ಟಣ ಯಾರೂ ಹುಡುಕಲ್ಲ ಬಿಡು."

ಗಿರೀಶ ಫೋನಿನಲ್ಲಿ ಇನ್ನೊಂದು ಮುಖವಾಡ ತೋರಿಸಿದ. ಮೈತುಂಬ ಕವಡೆ, ತಲೆ ಮೇಲೆ ಸಾಲು ಕೊಂಬು.

"ಓಹೋ, ಬಾಚಿಯಿಂದ ಕೆತ್ತಿದ ಬಾಚಣಿಗೆ!"

"ಬಾಚಣಿಗೆಯಲ್ಲವೋ, ಎನ್‌ತೊಮೊ. ಸುನ್ನತಿಗೆ ಮುಂಚೆ ಹುಡುಗರು ಸೇರೋ ಕೂಟದ್ದು. ಕೊಂಬು 3 ಅಥವಾ 6 ಇದ್ರೆ ಗಂಡು, 4 ಅಥವಾ 8 ಇದ್ರೆ ಹೆಣ್ಣು."

"5 ಇದ್ರೆ?"

"ಎರಡೂ."

"ಬಾಯಿ ಯಾಕೆ ಇಷ್ಟು ಚಿಕ್ಕದು?"

"ಮಾತು ಕಡಿಮೆ ಮಾಡೋದನ್ನ ಹುಡುಗರಿಗೆ ಅಲ್ಲೇ ಕಲಿಸ್ತಾರೆ. ಮುಂದಿನ ಸಲ ಹೋದಾಗ ನಿನಗೊಂದು ತರಲಾ?"

ಸೀನ ಫೋನನ್ನು ಕಣ್ಣ ಹತ್ತಿರ ತಂದು ಆ ಬಾಯನ್ನೇ ಅಳತೆ ಹಾಕಿದ.

"ತಾ. ಉಪ್ಪಿಟ್ಟು ಹಿಡಿಸೋ ಸೈಜ್ ನೋಡಿ ತಾ."