ದಂಡೆಯ ಪಿಲ್‌ಬಾಕ್ಸ್ ಒಡೆಸುವ ಮನವಿಗೆ ಸಹಿ ಬೇಡ

ಮನೆ 302: ವಿಶಾಖಪಟ್ಟಣದ ನಮ್ಮ ಕನ್ನಡ ಕುಟುಂಬಗಳೆಲ್ಲರ ಗಮನಕ್ಕೆ. ಕಡಲದಂಡೆಯ ಕೋಸ್ಟಲ್ ಬ್ಯಾಟರಿ ಎಂಬ ಜಾಗದ ಕಡೆಯ ಮರಳಿನಲ್ಲಿರುವ ಎರಡನೇ ಮಹಾಯುದ್ಧ ಕಾಲದ ಪಿಲ್‌ಬಾಕ್ಸ್ (ಸಿಪಾಯಿ ಒಳಗಿಂದ ಗುಂಡು ಹಾರಿಸಲು ಕಿಂಡಿಯಿರುವ ಕಾಂಕ್ರೀಟ್ ಗೂಡು) ಅಪಾಯಕಾರಿ, ಒಡೆಸಿಬಿಡಿ ಎಂಬ ಮನವಿ ಮನೆಮನೆಗೆ ಬರುತ್ತಿದೆ. ದಯವಿಟ್ಟು ಯಾರೂ ಸಹಿ ಹಾಕಬೇಡಿ.

ಮನೆ 104: ಮಕ್ಕಳು ಅದರ ನೆತ್ತಿಗೆ ಹತ್ತುತ್ತಾರೆ ಅಕ್ಕ. ಕಾಂಕ್ರೀಟ್ ಉದುರಿ ತುಕ್ಕು ಹಿಡಿದ ಕಂಬಿ ಹೊರಗೆ ಚಾಚಿದೆ. ಅನಾಹುತವಾದ ಮೇಲೆ ಯಾರು ಹೊಣೆ?

ಮನೆ 302: ನಿಮ್ಮ ಭಯ ನ್ಯಾಯವಾದದ್ದು. ಅದಕ್ಕೆ ಬೇಲಿ ಕೇಳೋಣ, ಸುತ್ತಿಗೆಯನ್ನಲ್ಲ. 1942ರ ಏಪ್ರಿಲ್ 6ರಂದು ಜಪಾನಿನ ರ್ಯೂಜೋ ಎಂಬ ವಿಮಾನವಾಹಕ ನೌಕೆಯಿಂದ ಹಾರಿಬಂದ ವಿಮಾನಗಳು ಈ ಊರಿನ ಮೇಲೂ ಕಾಕಿನಾಡದ ಮೇಲೂ ಬಾಂಬ್ ಹಾಕಿದವು. 1933ರಲ್ಲಿ ತೆರೆದ ಬಂದರು ಆಗ ಇನ್ನೂ ಹೊಸದು. ಶತ್ರು ದಡಕ್ಕೆ ಇಳಿದರೆ ಎದುರಿಸಲೆಂದು ಇಂಥ ಪಿಲ್‌ಬಾಕ್ಸ್‌ಗಳನ್ನು ಕಟ್ಟಿದ್ದು. ಗುಂಡು ಹಾರಿಸುವ ಕಿಂಡಿಗೆ ಕಣ್ಣಿಟ್ಟು ನೋಡಿ, ಸಿಪಾಯಿಗೆ ಕಾಣುತ್ತಿದ್ದ ಸಮುದ್ರವೇ ಕಾಣುತ್ತದೆ. ಈಗ ಆ ಕಿಂಡಿಯ ತುಂಬ ಎಳನೀರಿನ ಬುರುಡೆ, ಬಾಟಲಿ. ನನಗಂತೂ ಹೊಟ್ಟೆ ಉರಿಯುತ್ತದೆ.

ಮನೆ 406: ದಂಡೆಯಲ್ಲಿ ವಸ್ತುಸಂಗ್ರಹಾಲಯವಾಗಿರುವ ಕುರ್ಸುರಾ ಜಲಾಂತರ್ಗಾಮಿಯ ಮುಂದೆ ಸಾಲು ನಿಲ್ಲುವ ಜನ ಇದರ ಪಕ್ಕದಲ್ಲೇ ನಡೆದು ಹೋಗುತ್ತಾರೆ. ಒಂದು ಫಲಕವಾದರೂ ಬೇಕು, ತೆಲುಗಿನಲ್ಲಿ.

ಮನೆ 211: ಬೇಲಿ, ಫಲಕ ಎರಡೂ ಸರಿ. ಆದರೆ ಬುಡವೇ ಹೋದರೆ ಏನು ಪ್ರಯೋಜನ? ಈ ಕರಾವಳಿಯಲ್ಲಿ ಮರಳು ವರ್ಷದ ಹೆಚ್ಚಿನ ಕಾಲ ದಕ್ಷಿಣದಿಂದ ಉತ್ತರಕ್ಕೆ ಸರಿಯುತ್ತದೆ. ಬಂದರಿನ ಅಲೆತಡೆಗಳು ಅದನ್ನು ಅಲ್ಲೇ ಹಿಡಿದಿಡುವುದರಿಂದ ನಮ್ಮ ದಂಡೆಗೆ ಬರುವುದು ಕಡಿಮೆ. 2014ರ ಹುದ್‌ಹುದ್ ಚಂಡಮಾರುತವಂತೂ ದಂಡೆಯನ್ನೇ ಬಗೆದುಹಾಕಿತು. ಸುತ್ತ ಗೋಡೆ ಎಬ್ಬಿಸಿದರೆ ಅಲೆ ಅದಕ್ಕೆ ಬಡಿದು ಬುಡವನ್ನು ಇನ್ನಷ್ಟು ಕೊರೆಯುತ್ತದೆ. ಬಂದರಿನಲ್ಲಿ ಹೂಳೆತ್ತಿದ ಮರಳನ್ನು ಇಲ್ಲಿಗೂ ಸುರಿಯಿರಿ ಎಂದು ಕೇಳಬೇಕು. ಪಿಲ್‌ಬಾಕ್ಸ್ ಉಳಿಸಿ ಎಂದು ನಾವೇ ಒಂದು ಮನವಿ ಕೊಡೋಣ, ಅದರ ಮೊದಲ ಸಾಲೇ ಅದಾಗಲಿ.

ಮನೆ 104: ಬೇಲಿ ಹಾಕುವುದಾದರೆ ನನ್ನದೂ ಒಪ್ಪಿಗೆ. ಜಾಲಾರಿಪೇಟೆಯ ಮೀನುಗಾರರನ್ನೂ ಕೇಳಿ, ದೋಣಿ ಎಳೆಯುವ ದಾರಿಗೆ ಬೇಲಿ ಅಡ್ಡ ಬರಬಾರದು.

ಮನೆ 302: ಖಂಡಿತ, ಅವರ ಹಿರಿಯರನ್ನು ಕೇಳದೆ ಒಂದು ಗೂಟವನ್ನೂ ನೆಡುವುದು ಬೇಡ. 211ರ ರಾಯರು ನಮ್ಮ ಮನವಿಯನ್ನು ತೆಲುಗಿನಲ್ಲಿ ಬರೆದುಕೊಡಲಿ. ಮಹಾನಗರ ಪಾಲಿಕೆಗೆ ಒಂದು, ಬಂದರಿಗೆ ಒಂದು, ಪುರಾತತ್ವ ಇಲಾಖೆಗೆ ಒಂದು ಪ್ರತಿ. ಭಾನುವಾರ ಬೆಳಿಗ್ಗೆ ಆರಕ್ಕೆ ಕಸ ತೆಗೆಯೋಣ. ಕೈಗವಸು, ಗೋಣಿಚೀಲ ತನ್ನಿ. ಸುಣ್ಣ, ಬಣ್ಣ, ಸಿಮೆಂಟ್ ಯಾರೂ ತರಬೇಡಿ, ಹಳೆಯ ರೂಪ ಕೆಡಬಾರದು.