ಗಿಟ್ ಆಥರ್ ಸಾಲಿನಿಂದ ಹೆಸರು, ಇಮೇಲ್ ಬೇರ್ಪಡಿಸಿದವರು ಅನುಭವ ತಿಳಿಸಿ

ಪ್ರಶ್ನೆ (ಹೊಸಹಾದಿ): ಸಬ್‌ವರ್ಷನ್‌ನಿಂದ ಗಿಟ್‌ಗೆ (ಎರಡೂ ಕೋಡ್ ಬದಲಾವಣೆಗಳ ಇತಿಹಾಸ ಇಡುವ ತಂತ್ರಾಂಶಗಳು) ಬಂದ ಹಳೆಯ ರೆಪೊಸಿಟರಿಯೊಂದರ (ಕೋಡ್ ಸಂಗ್ರಹದ) ಕೊಡುಗೆದಾರರ ಪಟ್ಟಿಯನ್ನು ತಯಾರಿಸಬೇಕಾಗಿದೆ. ಕಮಿಟ್‌ಗಳನ್ನು (ದಾಖಲಾದ ಬದಲಾವಣೆಗಳನ್ನು) ನೇರವಾಗಿ ಓದುವ ನನ್ನ ಪೈಥಾನ್ ರೆಜೆಕ್ಸ್ (ಪಠ್ಯದ ಮಾದರಿ ಹುಡುಕುವ ಸೂತ್ರ) ಕೆಲವು ಆಥರ್ ಸಾಲುಗಳಲ್ಲಿ (ಬರೆದವರ ಹೆಸರು, ಕೋನಾವರಣದೊಳಗೆ ಇಮೇಲ್, ಆಮೇಲೆ ಸಮಯ ಮತ್ತು ಸಮಯವಲಯ ಇರುವ ಸಾಲು) ಎಡವುತ್ತಿದೆ. ನೀವು ಯಾವ ದಾರಿ ಹಿಡಿದಿರಿ?

ಮಲೆನಾಡಿಗ: ನಮ್ಮಲ್ಲಿ ವಲಸೆ ಮಾಡಿದವರು ಆಥರ್ಸ್ ಫೈಲ್ (ಬಳಕೆದಾರ ಹೆಸರಿಗೆ ನಿಜವಾದ ಹೆಸರು, ಇಮೇಲ್ ಹೊಂದಿಸುವ ಪಟ್ಟಿ) ಕೊಟ್ಟಿರಲಿಲ್ಲವಾದ್ದರಿಂದ, ವಲಸೆಯ ಉಪಕರಣವಾದ ಗಿಟ್-ಎಸ್‌ವಿಎನ್ ಪ್ರತಿಯೊಬ್ಬರ ಬಳಕೆದಾರ ಹೆಸರಿಗೆ ರೆಪೊಸಿಟರಿಯ ಯುಯುಐಡಿಯನ್ನು (ಅದರ ಉದ್ದನೆಯ ಗುರುತು ಸಂಖ್ಯೆಯನ್ನು) ಅಂಟಿಸಿ ಇಮೇಲ್ ಹುಟ್ಟಿಸಿತ್ತು. ಕೋಡ್ ತಪಾಸಣೆಯ ಉಪಕರಣವೊಂದು ಇಮೇಲ್ ಲೆಕ್ಕದ ಮೇಲೆ ಶುಲ್ಕ ಹಾಕುತ್ತಿದ್ದುದರಿಂದ ಯುಯುಐಡಿ, ಕಚೇರಿ ಮತ್ತು ಸ್ವಂತ ಇಮೇಲ್ ಹೀಗೆ ಒಬ್ಬರೇ ಮೂವರಾಗಿ ಎಣಿಕೆಯಾದರು. ಆ ಹಣವನ್ನು ಯಾರೂ ಹಿಂದಿರುಗಿಸಲಿಲ್ಲ. ನಾನು ಹಳೆಯ ಕಮಿಟ್‌ಗಳನ್ನೇ ಮರುಬರೆಯುವ ಫಿಲ್ಟರ್-ರೆಪೊ ಉಪಕರಣದಿಂದ ಇಡೀ ಇತಿಹಾಸವನ್ನೇ ತಿದ್ದಿದೆ, ಇವತ್ತಿಗೂ ಅದೇ ಸರಿಯೆನ್ನುತ್ತೇನೆ.

ತುಂಗಾತೀರ: ತಿದ್ದಿದ ಕಮಿಟ್‌ನಿಂದ ಮುಂದಿನ ಎಲ್ಲ ಹ್ಯಾಶ್‌ಗಳೂ (ಕಮಿಟ್‌ಗಳ ಗುರುತು ಸಂಖ್ಯೆಗಳೂ) ಬದಲಾಗುತ್ತವೆ. ನಮ್ಮ ತಂಡದಲ್ಲೂ ಒಬ್ಬರು ಹೀಗೆಯೇ ಮಾಡಿದ್ದರಿಂದ ದೋಷವರದಿಗಳಲ್ಲಿದ್ದ ಹಳೆಯ ಕೊಂಡಿಗಳು ಸತ್ತವು, ಸಹಿ ಮಾಡಿದ ಟ್ಯಾಗ್‌ಗಳು (ಕಮಿಟ್‌ಗೆ ಇಟ್ಟ ಹೆಸರಿನ ಗುರುತುಗಳು) ಸಹಿ ಕಳೆದುಕೊಂಡವು, ಅರ್ಧಕ್ಕೆ ನಿಂತಿದ್ದ ಬ್ರಾಂಚ್‌ಗಳನ್ನು (ಕೆಲಸದ ಕವಲುಗಳನ್ನು) ಹೊಸ ಇತಿಹಾಸಕ್ಕೆ ಹೊಂದಿಸುವ ಕೆಲಸ ನನ್ನ ತಲೆಗೆ ಬಂತು. ಮೂಲ ಫೋಲ್ಡರಿನಲ್ಲಿ ಒಂದು ಮೇಲ್‌ಮ್ಯಾಪ್ ಫೈಲ್ (ಇತಿಹಾಸ ಮುಟ್ಟದೆ, ಒಬ್ಬರ ಹಲವು ಹೆಸರು-ಇಮೇಲ್‌ಗಳನ್ನು ಒಂದಾಗಿ ತೋರಿಸುವ ಪಟ್ಟಿ) ಇಟ್ಟಿದ್ದರೆ ಇದಾವುದೂ ಬೇಕಿರಲಿಲ್ಲ.

ಮಲೆನಾಡಿಗ: ಶುಲ್ಕ ಹಾಕುವ ಉಪಕರಣ ಮೇಲ್‌ಮ್ಯಾಪನ್ನು ಓದುತ್ತಿರಲಿಲ್ಲ. ಬಿಲ್ ಕಟ್ಟದವರಿಗೆ ಉಪದೇಶ ಸುಲಭ.

ತುಂಗಾತೀರ: ಉಪಕರಣದ ಕೊರತೆಗೆ ಎಲ್ಲರ ಇತಿಹಾಸವನ್ನು ಬಲಿಕೊಡುವ ಹಕ್ಕು ತಮಗೆ ಯಾರು ಕೊಟ್ಟರು?

ಬೈಟುಬೈಟು: ಕೇಳಿದ್ದು ಸಾಲನ್ನು ಪಾರ್ಸ್ ಮಾಡುವುದರ, ಅಂದರೆ ಬಿಡಿಸಿ ಓದುವುದರ ಬಗ್ಗೆ. ಇಮೇಲ್ ಭಾಗದೊಳಗೇ ಇನ್ನೊಂದು ಜೋಡಿ ಕೋನಾವರಣ (< ಮತ್ತು >) ನುಸುಳಿದ ಕಮಿಟ್‌ಗಳು ಇರುತ್ತವೆ. ಮೊದಲ '>' ಸಿಕ್ಕಲ್ಲೇ ಇಮೇಲ್ ಮುಗಿಯಿತೆಂದು ಅದರ ಪಕ್ಕದಲ್ಲೇ ಸಮಯ ಹುಡುಕಿದರೆ ಕಸವೇ ಸಿಗುತ್ತದೆ. ಗಿಟ್ ಸ್ವತಃ 2013ರಿಂದ ಸಾಲಿನ ಕೊನೆಯಿಂದ ಹಿಂದಕ್ಕೆ ಬಂದು ಕೊನೆಯ '>' ಹುಡುಕಿ ಸಮಯವನ್ನು ಓದುತ್ತದೆ. ನಾನು ಅದನ್ನೇ ಅನುಸರಿಸಿದೆ, ಹೆಸರು ಖಾಲಿಯಿದ್ದರೂ ಒಪ್ಪಿಕೊಂಡೆ. ಸಮಯವಲಯಕ್ಕೆ ನಾಲ್ಕೇ ಅಂಕಿ ಎಂದೂ ನಂಬಬೇಡಿ: ರೈಲ್ಸ್ ಎಂಬ ವೆಬ್ ಚೌಕಟ್ಟಿನ ರೆಪೊಸಿಟರಿಯ ಒಂದು ಕಮಿಟ್‌ನಲ್ಲಿ +051800 ಎಂದಿದೆ, ಅಂಥವುಗಳಿಗಾಗಿಯೇ ಗಿಟ್‌ಗೆ ಇತಿಹಾಸ ತುಂಬುವ ಫಾಸ್ಟ್-ಇಂಪೋರ್ಟ್ ಆದೇಶಕ್ಕೆ 'ರಾ-ಪರ್ಮಿಸಿವ್' ಎಂಬ ದಿನಾಂಕ ಮಾದರಿಯನ್ನು ಸೇರಿಸಬೇಕಾಯಿತು. ನನ್ನನ್ನು ಹೆಚ್ಚು ಕಾಡಿದ್ದು ಜರ್ಮನ್ ಸಹೋದ್ಯೋಗಿಯೊಬ್ಬರ ಹೆಸರಿನ ಒಂದೇ ಒಂದು ಬೈಟ್. ಅದು ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಸಾಮಾನ್ಯ ಪದ್ಧತಿಯಾದ ಯುಟಿಎಫ್-8 ಆಗಿರಲಿಲ್ಲ, ಯಾವ ಪದ್ಧತಿ ಎಂದು ತಿಳಿಸುವ ಎನ್‌ಕೋಡಿಂಗ್ ಹೆಡರ್ ಕೂಡ ಇರಲಿಲ್ಲ, ರಾತ್ರಿಯಿಡೀ ಓಡಿದ ಕೆಲಸ ಅಲ್ಲಿ ಮುರಿದುಬಿತ್ತು. ಸಾಲನ್ನು ಬೈಟ್‌ಗಳಾಗಿಯೇ ಒಡೆದು, ಅಕ್ಷರವಾಗಿಸುವುದನ್ನು ಕೊನೆಗೆ ಇಟ್ಟುಕೊಳ್ಳಿ.

ಇನಿಶಿಯಲ್: ನಮ್ಮ ಹೆಸರುಗಳ ಗೋಳನ್ನು ಯಾರೂ ಹೇಳಲಿಲ್ಲ. ಇನಿಶಿಯಲ್ ಕೊನೆಗೆ ಬರೆದು ಚುಕ್ಕೆ ಇಟ್ಟರೆ ಹಳೆಯ ಗಿಟ್ ಆವೃತ್ತಿಗಳು ಆ ಚುಕ್ಕೆಯನ್ನು ಕಿತ್ತುಹಾಕುತ್ತಿದ್ದವು, ಹೊಸವು ಉಳಿಸುತ್ತವೆ. ಲ್ಯಾಪ್‌ಟಾಪ್ ಬದಲಿಸಿದ ಮೇಲೆ ನಾನು ಪಟ್ಟಿಯಲ್ಲಿ ಇಬ್ಬರಾದೆ. ಅದನ್ನು ಕಂಡವರು ಹೆಸರಿನ ಮೇಲೆ ವಿಲೀನ ಮಾಡಹೊರಟು, ಇನಿಶಿಯಲ್ ಬಿಟ್ಟು ಹೋಲಿಸಿ, ಬೇರೊಬ್ಬ ಮಂಜುನಾಥರ ಕೆಲಸವನ್ನು ನನ್ನ ಲೆಕ್ಕಕ್ಕೆ ಹಾಕಿದರು. ಆ ಮಂಜುನಾಥರ ಮೌಲ್ಯಮಾಪನ ಆ ಪಟ್ಟಿಯ ಮೇಲೆಯೇ ನಡೆಯಿತು.

ಮಲೆನಾಡಿಗ: ಅದಕ್ಕೇ ನಾನು ಇಮೇಲ್ ಜೋಡಿಗಳನ್ನು ಆಯಾ ವ್ಯಕ್ತಿಗೆ ತೋರಿಸಿ ಒಪ್ಪಿಗೆ ಪಡೆದ ಮೇಲೆಯೇ ಸೇರಿಸಿದ್ದು.

ತುಂಗಾತೀರ: ಕೆಲಸ ಬಿಟ್ಟು ಹೋದವರ ಒಪ್ಪಿಗೆಯನ್ನು ಯಾರಿಂದ ಪಡೆದಿರಿ?